ಆರಾಧನೆಯ ಸಂಜೆಗೆ ಒಂದು ಲೆನ್ಸು: ಕ್ಯಾನನ್ ಇಎಫ್ 85 ಎಂಎಂ ಎಫ್/1.8

ಸಮೂಹ ಮಾಧ್ಯಮ ಪದವಿಯ ಎರಡನೆಯ ವರ್ಷದಲ್ಲಿ ಓದುತ್ತಿರುವ ನನಗೆ ಛಾಯಾಗ್ರಹಣ ವಿಷಯದಲ್ಲಿ ಬಂದ ಪ್ರಾಜೆಕ್ಟು ಹೇಳುವುದಕ್ಕೆ ಸರಳವಾಗಿತ್ತು. ಬಯಲಿನಲ್ಲಿ ನಡೆಯುವ, ಟಿಕೆಟ್ ಇಲ್ಲದ, ಜನರೇ ಕೂಡಿ ನಡೆಸುವ ಒಂದು ಸಂಗೀತ ಕಾರ್ಯಕ್ರಮವನ್ನು ಆರಿಸಿಕೊಂಡು, ಫ್ಲ್ಯಾಶ್ ಬಳಸದೆ, 12 ಚಿತ್ರಗಳಲ್ಲಿ ಅದನ್ನು ಕಟ್ಟಿಕೊಡಬೇಕಿತ್ತು. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಬಡಾವಣೆಯ ಕನ್ನಡದ ಮನೆಗಳವರು ಪ್ರತಿವರ್ಷ ಮಕ್ಕಳಾಡುವ ಮೈದಾನದಲ್ಲೇ ಶಾಮಿಯಾನ ಹಾಕಿ ಪುರಂದರದಾಸರ ಆರಾಧನೆ ಮಾಡುತ್ತಾರೆ. ದಾಸರು 1564ರಲ್ಲಿ ದೇಹ ಬಿಟ್ಟದ್ದು ಪುಷ್ಯ ಬಹುಳ ಅಮಾವಾಸ್ಯೆಯಂದು. ಈ ಸಲ ಆ ತಿಥಿ ಜನವರಿ 18ರ ಭಾನುವಾರವೇ ಬಂದದ್ದರಿಂದ ನೌಕರಿಯವರೆಲ್ಲ ಮನೆಯಲ್ಲಿದ್ದರು, ಮೈದಾನ ತುಂಬಿತ್ತು. ಆ ಸಂಜೆಗೆಂದು ನಾನು ಬಾಡಿಗೆಗೆ ತಂದ ಲೆನ್ಸು ಕ್ಯಾನನ್ ಇಎಫ್ 85 ಎಂಎಂ ಎಫ್/1.8 ಯುಎಸ್‌ಎಂ. ಅದನ್ನು ಹಾಕಿದ್ದು ಮನೆಯಲ್ಲಿದ್ದ ಕ್ಯಾನನ್ 200ಡಿ ಕ್ಯಾಮೆರಾಕ್ಕೆ. ಲೆನ್ಸಿನ ಎಂಎಂ ಸಂಖ್ಯೆ ಹೆಚ್ಚಿದಷ್ಟೂ ನೋಟ ಕಿರಿದಾಗಿ ದೂರದ್ದು ಹತ್ತಿರ ಕಾಣುತ್ತದೆ, ಎಫ್ ಸಂಖ್ಯೆ ಕಡಿಮೆಯಾದಷ್ಟೂ ಬೆಳಕನ್ನು ಒಳಬಿಡುವ ಕಿಂಡಿ ದೊಡ್ಡದಾಗುತ್ತದೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಇಂತಹ ಕಾರ್ಯಕ್ರಮದ ಚಿತ್ರ ತೆಗೆಯಹೊರಟ ವಿದ್ಯಾರ್ಥಿಗೆ ಒಂದೇ ಒಂದು ಲೆನ್ಸನ್ನು ಬಾಡಿಗೆಗೆ ತರುವಷ್ಟು ಹಣವಿದ್ದರೆ, ಆ ಹಣವನ್ನು ಉದ್ದನೆಯ ಜೂಮಿಗೆ ಕೊಡುವುದಕ್ಕಿಂತ ಈ ಪುಟ್ಟ ಲೆನ್ಸಿಗೆ ಕೊಡುವುದು ಮೇಲು. ಇದಕ್ಕೆ ಮೊದಲ ಕಾರಣ ಬೆಳಕು. ಎರಡನೆಯ ಕಾರಣ ಹಾಡಲು ಕುಳಿತವರ ಮನಸ್ಸು, ಮತ್ತು ಈ ಎರಡನೆಯದನ್ನು ನಾನು ಯಾವ ಪಾಠದಲ್ಲೂ ಕಲಿತಿರಲಿಲ್ಲ.

ಬೆಳಕಿನ ಲೆಕ್ಕವನ್ನು ನೋಡೋಣ. ಜನವರಿಯ ನಡುವಿನಲ್ಲಿ ಮುಂಬಯಿಯ ಕಡೆ ಸೂರ್ಯ ಮುಳುಗುವುದು ಆರು ಇಪ್ಪತ್ತರ ಸುಮಾರಿಗೆ. ಅಲ್ಲಿಂದ ಇಪ್ಪತ್ತು ಇಪ್ಪತ್ತೈದು ನಿಮಿಷ ಆಕಾಶದಲ್ಲಿ ಉಳಿಯುವ ಬೆಳಕು ಮುಖಗಳ ಮೇಲೆ ಎಷ್ಟು ಮೃದುವಾಗಿ ಬೀಳುತ್ತದೆಯೆಂದರೆ, ಆ ಹೊತ್ತಿನಲ್ಲಿ ಯಾವ ಕ್ಯಾಮೆರಾ ಹಿಡಿದರೂ ಚಿತ್ರ ಚೆನ್ನಾಗಿಯೇ ಬರುತ್ತದೆ. ಏಳು ಗಂಟೆಯ ಹೊತ್ತಿಗೆ ಅದು ಮುಗಿದುಹೋಗುತ್ತದೆ. ಅಮಾವಾಸ್ಯೆಯಾದ್ದರಿಂದ ಚಂದ್ರನೂ ಇಲ್ಲ. ಆಮೇಲೆ ಉಳಿಯುವುದು ವೇದಿಕೆಯ ಎರಡು ಬದಿಗೆ ಕಟ್ಟಿದ ಹ್ಯಾಲೊಜೆನ್ ದೀಪಗಳು, ಶಾಮಿಯಾನದ ಕೆಳಗಿನ ಎಲ್ಇಡಿ ಟ್ಯೂಬುಗಳು ಮತ್ತು ದಾಸರ ಪಟದ ಮುಂದಿನ ದೀಪದ ಕಂಬಗಳು. ಹಾಡುಗಾರಿಕೆ ಕಾವೇರುವುದು ಆಗಲೇ. ಕ್ಯಾಮೆರಾದ ಜೊತೆಗೆ ಬರುವ 18-55 ಎಂಎಂ ಲೆನ್ಸನ್ನು ಪೂರ್ತಿ ಮುಂದಕ್ಕೆ ತಿರುಗಿಸಿದಾಗ ಅದರ ಕಿಂಡಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್/1.8 ಕಿಂಡಿ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. ಅಂದು ಹಳೆಯ ಲೆನ್ಸಿನಲ್ಲಿ 12800ರಷ್ಟು ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ಇದು ಹೆಚ್ಚಿದಷ್ಟೂ ಚಿತ್ರ ತರಿತರಿಯಾಗುತ್ತದೆ) ಕೇಳುತ್ತಿದ್ದ ಮುಖ, ಈ ಲೆನ್ಸಿನಲ್ಲಿ 1600ರಲ್ಲೇ ಒದಗಿತು. ಮೊದಲ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಣುತ್ತಿದ್ದ ಕೆನ್ನೆ ಎರಡನೆಯದರಲ್ಲಿ ಕೆನ್ನೆಯಂತೆಯೇ ಕಂಡಿತು. ಕಿವಿಯ ಬೆಂಡೋಲೆಯ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

ಹಾಗಾದರೆ ಜೂಮು ಏಕೆ ಬೇಡ ಎಂದು ಕೇಳಬಹುದು. ಆರಾಧನೆಗೆ ಒಂದು ವಾರ ಮೊದಲು ಹಾಡಿನ ಅಭ್ಯಾಸ ನಡೆಯುತ್ತಿದ್ದಾಗ ಗೆಳತಿಯೊಬ್ಬಳಿಂದ ಎರವಲು ಪಡೆದ 70-200 ಎಂಎಂ ಎಫ್/4 ಲೆನ್ಸನ್ನು ಒಯ್ದಿದ್ದೆ. ಬಿಳಿ ಬಣ್ಣದ, ಮುಕ್ಕಾಲು ಕಿಲೋಗೆ ಸ್ವಲ್ಪವೇ ಕಡಿಮೆ ತೂಗುವ, ಬಹಳ ಒಳ್ಳೆಯ ಲೆನ್ಸು ಅದು. ಅದರ ಗುಣದ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ನಾನು ಅದನ್ನು ಎತ್ತಿ ಹಿಡಿದ ಕೂಡಲೇ ಮುಂದಿನ ಸಾಲಿನ ಹೆಂಗಸರು ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತುಬಿಟ್ಟರು. ಹಾಡು ನಡೆದಿತ್ತು, ಆದರೆ ಎಲ್ಲರ ಕಣ್ಣೂ ನನ್ನ ಕಡೆಗಿತ್ತು. ಗೋಷ್ಠಿಯನ್ನು ಮುನ್ನಡೆಸುವ ಎಪ್ಪತ್ತು ದಾಟಿದ ಅಜ್ಜಿ ತಾಳ ಹಾಕುವುದನ್ನು ನಿಲ್ಲಿಸಿ, "ತಂಗೀ, ಆ ತೋಪು ನಮ್ಮ ಕಡೆ ಹಿಡೀಬ್ಯಾಡವಾ, ಸಾಹಿತ್ಯ ಮರ್ತು ಹೋಗ್ತದ," ಎಂದರು. ಅವರು ಗದರಿರಲಿಲ್ಲ, ನಿಜವಾದ ತೊಂದರೆಯನ್ನೇ ಹೇಳಿದ್ದರು. ವೃತ್ತಿಯ ಗಾಯಕರು ಕ್ಯಾಮೆರಾವನ್ನು ಲೆಕ್ಕಿಸುವುದಿಲ್ಲ. ಆದರೆ ಇಲ್ಲಿ ಹಾಡುವವರು ಬ್ಯಾಂಕಿನಿಂದ ನಿವೃತ್ತರಾದವರು, ಮನೆ ನಡೆಸುವವರು, ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿರುವ ಹುಡುಗಿಯರು. ಅವರಿಗೆ ವರ್ಷಕ್ಕೊಮ್ಮೆ ಸಿಗುವ ಆ ಎರಡು ಗಂಟೆಯನ್ನು ನನ್ನ ಅಂಕಗಳಿಗಾಗಿ ಕೆಡಿಸುವುದು ಸರಿಯಲ್ಲವೆಂದು ಅಂದೇ ಅನ್ನಿಸಿತು.

85 ಎಂಎಂ ಲೆನ್ಸಿನ ತೂಕ 425 ಗ್ರಾಂ. ಬಣ್ಣ ಕಪ್ಪು, ಉದ್ದ ಅಂಗೈಯಲ್ಲಿ ಹಿಡಿಸುವಷ್ಟು. 200ಡಿ ಕ್ಯಾಮೆರಾದ ಸಣ್ಣ ಸೆನ್ಸರಿನಿಂದಾಗಿ ಅದರ ನೋಟ 1.6 ಪಟ್ಟು ಕಿರಿದಾಗಿ, ಪೂರ್ಣ ಅಳತೆಯ ಸೆನ್ಸರಿನ ಮೇಲೆ 136 ಎಂಎಂ ಲೆನ್ಸು ಕೊಡುವ ನೋಟಕ್ಕೆ ಸಮನಾಗುತ್ತದೆ. ಅಂದರೆ ಮೂರು ಮೀಟರ್ ದೂರದಲ್ಲಿ ಜಮಖಾನದ ಅಂಚಿಗೆ ಕುಳಿತು ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ, ನೆಲದ ಮೇಲೆ ಕುಳಿತ ಒಬ್ಬರ ತಲೆಯಿಂದ ಸೊಂಟದವರೆಗಿನ ಚಿತ್ರ ಸರಿಯಾಗಿ ಕೂರುತ್ತದೆ. ಮೂರು ಮೀಟರ್ ಎಂದರೆ ಕೇಳುಗರ ಮೊದಲ ಸಾಲು. ಹಾಗಾಗಿ ನಾನು ಅಂದು ಕೇಳುಗಳಾಗಿಯೇ ಕುಳಿತೆ, ಹಾಡಿಗೆ ತಲೆದೂಗಿದೆ, ಸೊಲ್ಲು ಎತ್ತಿಕೊಡುವಲ್ಲಿ ದನಿಗೂಡಿಸಿದೆ, ನಡುನಡುವೆ ಕ್ಯಾಮೆರಾವನ್ನು ಎತ್ತಿ ಇಳಿಸಿದೆ. ಮೂರನೆಯ ಹಾಡಿನ ಹೊತ್ತಿಗೆ ಯಾರೂ ನನ್ನನ್ನು ಗಮನಿಸುತ್ತಿರಲಿಲ್ಲ. ಹಿಂದೆ ಕುಳಿತ ಹಿರಿಯರಿಗೂ ಅಡ್ಡವಾಗಲಿಲ್ಲ.

ಇಲ್ಲಿ ಶಟರಿನ ಸದ್ದಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕನ್ನಡಿ ಎದ್ದು ಬೀಳುವ ಕ್ಯಾಮೆರಾಗಳ 'ಟಕ್' ಎಂಬ ಸದ್ದು, ತಂಬೂರಿಯ ಶ್ರುತಿಯ ಮೇಲೆ ಒಬ್ಬರೇ ಉಗಾಭೋಗ ಹಾಡುವಾಗ ಹತ್ತು ಜನರಿಗೆ ಕೇಳಿಸುತ್ತದೆ. ಉಗಾಭೋಗಕ್ಕೆ ತಾಳವಿಲ್ಲ, ಸದ್ದನ್ನು ಮುಚ್ಚಿಕೊಳ್ಳುವ ಮರೆಯೂ ಇಲ್ಲ. ಆದ್ದರಿಂದ ಆಗ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದೆ. ಅದು ಮುಗಿದು ಪದ ಶುರುವಾದ ಮೇಲೆ ಕೈತಾಳದ ಪೆಟ್ಟು ಬೀಳುವ ಕ್ಷಣಕ್ಕೇ ಗುಂಡಿ ಒತ್ತುತ್ತ ಹೋದೆ. ತಾಳದ ಸದ್ದಿನಲ್ಲಿ ಶಟರಿನ ಸದ್ದು ಅಡಗಿಹೋಯಿತು. ಇದರಿಂದ ನಾನು ಎಣಿಸದಿದ್ದ ಇನ್ನೊಂದು ಲಾಭವೂ ಆಯಿತು. ಪೆಟ್ಟು ಬೀಳುವಾಗ ಹಾಡುವವರ ಕೈ ಒಂದು ಚಣ ನಿಲ್ಲುತ್ತದೆ, ಮುಖದಲ್ಲಿ ಆ ಸೊಲ್ಲಿನ ಭಾವ ತುಂಬಿರುತ್ತದೆ. ಹೀಗೆ ತೆಗೆದ ಚಿತ್ರಗಳಲ್ಲಿ ಮಸುಕಾದವು ಬಹಳ ಕಡಿಮೆ.

ಈ ಲೆನ್ಸಿನ ಫೋಕಸ್ ಮೋಟಾರು ವೇಗವಾದದ್ದು, ಸದ್ದು ಮಾಡದಂಥದ್ದು. 1992ರಲ್ಲಿ ಮಾರುಕಟ್ಟೆಗೆ ಬಂದ ಲೆನ್ಸು ಇದಾದರೂ ಆ ವಿಷಯದಲ್ಲಿ ಹಳತು ಎನ್ನಿಸುವುದಿಲ್ಲ. ಫೋಕಸ್ ಮಾಡುವಾಗ ಮುಂದಿನ ಭಾಗ ತಿರುಗುವುದಿಲ್ಲ, ಹೊರಚಾಚುವುದೂ ಇಲ್ಲ. ಯಂತ್ರ ಹಿಡಿದ ಫೋಕಸನ್ನು, ಗುಂಡಿ ಬದಲಿಸದೆಯೇ, ಉಂಗುರ ತಿರುಗಿಸಿ ಕೈಯಿಂದ ತಿದ್ದಬಹುದು. ಈ ಕೊನೆಯ ಸೌಲಭ್ಯ ನನಗೆ ಹೆಜ್ಜೆಹೆಜ್ಜೆಗೂ ಬೇಕಾಯಿತು. ಏಕೆಂದರೆ ಸಂಗೀತ ಕಾರ್ಯಕ್ರಮದಲ್ಲಿ ಮುಖದ ಮುಂದೆ ಯಾವಾಗಲೂ ಒಂದು ಮೈಕು ಇರುತ್ತದೆ, ಕ್ಯಾಮೆರಾ ಮೊದಲು ಹಿಡಿಯುವುದು ಆ ಮೈಕನ್ನೇ. ಎಫ್/1.8ರಲ್ಲಿ, ಮೂರು ಮೀಟರ್ ದೂರದಲ್ಲಿ, ಸ್ಪಷ್ಟವಾಗಿ ಕಾಣುವ ಆಳ ಸುಮಾರು ಎಂಟು ಸೆಂಟಿಮೀಟರ್ ಮಾತ್ರ. ಮೈಕಿನ ಜಾಲರಿಯ ಒಂದೊಂದು ಕಣ್ಣೂ ಸ್ಪಷ್ಟವಾಗಿದ್ದು, ಹಾಡುವವರ ಕಣ್ಣು ಮಾತ್ರ ಮಸುಕಾದ ಚಿತ್ರಗಳು ನನ್ನ ಬಳಿ ಮೂವತ್ತಕ್ಕೂ ಹೆಚ್ಚಿವೆ. 200ಡಿ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಡೆ ಕಾಣುವ ಒಂಬತ್ತು ಫೋಕಸ್ ಬಿಂದುಗಳಲ್ಲಿ ಕತ್ತಲೆಯಲ್ಲಿ ನೆಚ್ಚಬಹುದಾದದ್ದು ನಡುವಿನದು. ಅದನ್ನು ಹತ್ತಿರದ ಕಣ್ಣಿನ ಮೇಲಿಟ್ಟು, ಫೋಕಸ್ ಹಿಡಿದ ಮೇಲೆ ಚೌಕಟ್ಟನ್ನು ಸರಿಸಿಕೊಳ್ಳುವುದನ್ನು ಮನೆಯಲ್ಲೇ ಎರಡು ಸಂಜೆ ಅಭ್ಯಾಸ ಮಾಡಿಕೊಂಡು ಹೋಗುವುದು ಒಳ್ಳೆಯದು. ಸಾಧ್ಯವಾದಾಗಲೆಲ್ಲ ಲೆನ್ಸಿನ ಕಿಂಡಿಯನ್ನು ಎಫ್/2.8ಕ್ಕೆ ಕಿರಿದು ಮಾಡಿಕೊಂಡರೆ ಚಿತ್ರದ ಹರಿತವೂ ಹೆಚ್ಚುತ್ತದೆ. ಕಿಂಡಿಯನ್ನು ಪೂರ್ತಿ ತೆರೆದಾಗ, ಕಪ್ಪು ಹಿನ್ನೆಲೆಯ ಮುಂದೆ ಹೊಳೆಯುವ ಲೋಹದ ಅಂಚಿಗೆ ನೇರಳೆ ಬಣ್ಣದ ಗೆರೆ ಮೂಡುವುದು ಈ ಬಗೆಯ ಹಳೆಯ ವಿನ್ಯಾಸದ, ಹೆಚ್ಚು ಬೆಳಕಿನ ಲೆನ್ಸುಗಳಿಗೆಲ್ಲ ಸಹಜ. ಕಂಪ್ಯೂಟರಿನಲ್ಲಿ ಅದನ್ನು ಸುಲಭವಾಗಿ ತೆಗೆಯಬಹುದು.

ಕೈ ನಡುಕವನ್ನು ತಡೆಯುವ ವ್ಯವಸ್ಥೆ ಈ ಲೆನ್ಸಿನಲ್ಲಿಲ್ಲ. ಅದರಿಂದಾಗುವ ಇಕ್ಕಟ್ಟು ದೀಪಗಳ ಕೆಳಗೆ ನಿಂತಾಗಲೇ ತಿಳಿಯುವುದು. ಇಷ್ಟು ಉದ್ದದ ನೋಟಕ್ಕೆ ಕೈಯಲ್ಲಿ ಹಿಡಿದು ತೆಗೆಯಬೇಕಾದರೆ ಶಟರು ಸೆಕೆಂಡಿನ 1/160ಕ್ಕಿಂತ ನಿಧಾನವಾಗಿರಬಾರದೆಂಬುದು ರೂಢಿಯ ನಿಯಮ. ಆದರೆ ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸಿನದು. ಅಗ್ಗದ ಎಲ್ಇಡಿ ಟ್ಯೂಬುಗಳು ಅದಕ್ಕೆ ತಕ್ಕಂತೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಶಟರಿನ ವೇಗ ಹೆಚ್ಚಿಸಿದಷ್ಟೂ ಒಂದು ಚಿತ್ರ ಬೆಳಗಿ, ಮುಂದಿನದು ಮಂಕಾಗಿ, ಕೆಲವದರಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳೂ ಬರುತ್ತವೆ. 1/100ಕ್ಕೆ ಇಟ್ಟರೆ ಪ್ರತಿ ಚಿತ್ರವೂ ಮಿನುಗಿನ ಒಂದು ಪೂರ್ತಿ ಸುತ್ತನ್ನು ಒಳಗೊಳ್ಳುವುದರಿಂದ ಈ ತೊಂದರೆ ತಪ್ಪುತ್ತದೆ. ಕೈ ಕೇಳುವುದು 1/160, ದೀಪ ಕೇಳುವುದು 1/100. ನಾನು ದೀಪದ ಮಾತನ್ನು ಕೇಳಿದೆ. ಚಕ್ಕಂಬಕ್ಕಳ ಹಾಕಿ ಕುಳಿತು, ಎರಡು ಮೊಳಕೈಗಳನ್ನೂ ಮೊಳಕಾಲುಗಳ ಮೇಲೆ ಊರಿ, ಉಸಿರು ಬಿಟ್ಟು ಮುಗಿದಾಗ ಗುಂಡಿ ಒತ್ತಿದರೆ 1/100ರಲ್ಲೂ ಚಿತ್ರ ಗಟ್ಟಿಯಾಗಿಯೇ ನಿಲ್ಲುತ್ತದೆ. ನೆಲದ ಮೇಲೆ ಕುಳಿತು ಕೇಳುವ ನಮ್ಮ ಕಾರ್ಯಕ್ರಮಗಳಲ್ಲಿ ಈ ಆಸರೆ ತಾನಾಗಿಯೇ ಸಿಗುತ್ತದೆ.

ಒಂದು ಚಿತ್ರವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಹಾರ್ಮೋನಿಯಂ ನುಡಿಸುವ ಕಾಕಾ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಅವರ ಬಲಗೈ ಮನೆಗಳ ಮೇಲೆ ಓಡುವುದನ್ನು ಎಲ್ಲರೂ ನೋಡುತ್ತಾರೆ. ನಾನು ಎಡಗೈಯನ್ನು ನೋಡುತ್ತ ಕುಳಿತಿದ್ದೆ. ತಿದಿಯ ಮೇಲೆ ಚಾಚಿಕೊಂಡಿರುವ ಆ ಕೈಯ ನಾಲ್ಕು ಬೆರಳು ಅಲುಗುವುದೇ ಇಲ್ಲವೆಂಬಂತೆ ಅಲುಗುತ್ತವೆ, ಹೆಬ್ಬೆರಳು ಪೆಟ್ಟಿಗೆಯ ಅಂಚಿಗೆ ಒರಗಿರುತ್ತದೆ. ಅಂಚಿನ ಪಾಲಿಶು ಆ ಹೆಬ್ಬೆರಳಿನ ಅಳತೆಗೆ ಸವೆದು, ಒಳಗಿನ ಮರದ ತಿಳಿಬಣ್ಣ ಕಾಣಿಸುತ್ತಿತ್ತು. ಎಫ್/2ರಲ್ಲಿ ಆ ಹೆಬ್ಬೆರಳು ಮತ್ತು ಸವೆದ ಮರ ಮಾತ್ರ ಸ್ಪಷ್ಟವಾಗಿ, ಹಿಂದಿನ ದೀಪದ ಕಂಬಗಳು ಬೆಳಕಿನ ದುಂಡು ಹನಿಗಳಾಗಿ ಕರಗಿವೆ. ಈ ಲೆನ್ಸಿನ ಕಿಂಡಿಗೆ ಎಂಟು ಎಲೆಗಳಿರುವುದರಿಂದ ಸ್ವಲ್ಪ ಮುಚ್ಚಿದಾಗಲೂ ಆ ಹನಿಗಳು ತೀರ ಮೂಲೆಮೂಲೆಯಾಗಿ ಕಾಣುವುದಿಲ್ಲ. ನಮ್ಮ ಅಧ್ಯಾಪಕರು 12 ಚಿತ್ರಗಳಲ್ಲಿ ಹೆಚ್ಚು ಹೊತ್ತು ನೋಡಿದ್ದು ಇದನ್ನೇ.

ಇದೊಂದೇ ಲೆನ್ಸಿನಿಂದ ಪ್ರಾಜೆಕ್ಟು ಮುಗಿಯುತ್ತದೆಯೇ ಎಂದರೆ ಇಲ್ಲ ಎಂದೇ ಹೇಳಬೇಕು. ಆರು ಮೀಟರ್ ಹಿಂದೆ ಸರಿದರೂ ಚೌಕಟ್ಟಿನ ಅಗಲದಲ್ಲಿ ಹಿಡಿಸುವುದು ಒಂದೂವರೆ ಮೀಟರ್ ಮಾತ್ರ, ಅಂದರೆ ಒತ್ತಾಗಿ ಕುಳಿತ ಇಬ್ಬರು, ಹೆಚ್ಚೆಂದರೆ ಮೂವರು. ಇಡೀ ವೇದಿಕೆ, ಶಾಮಿಯಾನದ ಹಿಂದೆ ಏಳು ಅಂತಸ್ತಿನವರೆಗೂ ಬಾಲ್ಕನಿಗಳಲ್ಲಿ ನಿಂತು ಕೇಳುವವರು, ದೂರದಲ್ಲಿ ಹಾದುಹೋಗುವ ಲೋಕಲ್ ರೈಲಿನ ದೀಪದ ಸಾಲು, ಇವು ಯಾವುವೂ ಇದಕ್ಕೆ ಎಟುಕುವುದಿಲ್ಲ. ಹೀಗಾಗಿ ಐದು ಗಂಟೆಗೆ ಹೊರಟ ನಗರ ಸಂಕೀರ್ತನೆಯನ್ನೂ ಸೂರ್ಯ ಮುಳುಗುವ ಹೊತ್ತಿನ ಮೈದಾನವನ್ನೂ ಮನೆಯ 18-55 ಲೆನ್ಸಿನಲ್ಲೇ ತೆಗೆದುಕೊಂಡೆ. ಬೆಳಕಿದ್ದಾಗ ಅದು ಸಾಕಾದಷ್ಟು ಒಳ್ಳೆಯ ಲೆನ್ಸು. ಏಳು ಗಂಟೆಯ ಸುಮಾರಿಗೆ ಲೆನ್ಸು ಬದಲಿಸಿದವಳು ಮತ್ತೆ ಬದಲಿಸಲಿಲ್ಲ. ಮೈದಾನದ ಧೂಳಿನಲ್ಲಿ ಪದೇಪದೇ ಲೆನ್ಸು ಕಳಚುವುದು ಸೆನ್ಸರಿಗೂ ಒಳ್ಳೆಯದಲ್ಲ. ಅಂತಿಮವಾಗಿ ಕೊಟ್ಟ 12 ಚಿತ್ರಗಳಲ್ಲಿ ಮೂರು ಹಳೆಯ ಲೆನ್ಸಿನವು, ಒಂಬತ್ತು ಇದರವು.

ಆ ಒಂಬತ್ತರಲ್ಲಿ ಒಂದು ನೆರೆಯ ಮರಾಠಿ ಮನೆಯವರದು. ದಾಸರ ಅಂಕಿತ ಪುರಂದರ ವಿಠಲ. ವಿಠ್ಠಲನೆಂದರೆ ಇಲ್ಲಿಯವರಿಗೆ ಪಂಢರಪುರದ ದೊರೆ. ಪ್ರತಿ ಪದದ ಕೊನೆಗೆ ಆ ಹೆಸರು ಬಂದಾಗಲೆಲ್ಲ, ಹಿಂದಿನ ಸಾಲಿನಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಅಜ್ಜರೊಬ್ಬರು ಕೈಮುಗಿಯುತ್ತಿದ್ದರು. ಉಳಿದ ಸಾಹಿತ್ಯ ಅವರಿಗೆ ತಿಳಿಯುತ್ತಿರಲಿಲ್ಲ. ಆ ಹೆಸರಿಗಾಗಿ ಕಾದು ಕುಳಿತ ಅವರ ಮುಖವನ್ನು, ಅವರಿಗೆ ಗೊತ್ತಾಗದಂತೆ ತೆಗೆದು, ಕಾರ್ಯಕ್ರಮ ಮುಗಿದ ಮೇಲೆ ತೋರಿಸಿ ಒಪ್ಪಿಗೆ ಪಡೆದೆ. ಮೊಮ್ಮಗಳ ತಾಯಿಯನ್ನೂ ಕೇಳಿದೆ. ಮಕ್ಕಳಿರುವ ಯಾವ ಚಿತ್ರವನ್ನೂ ಮನೆಯವರನ್ನು ಕೇಳದೆ ಪ್ರಾಜೆಕ್ಟಿಗೆ ಸೇರಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಬಾಡಿಗೆಯ ವಿಷಯ. ಮುಂಬಯಿಯ ಸಿಎಸ್ಎಂಟಿ ರೈಲು ನಿಲ್ದಾಣದಿಂದ ನಡೆದು ತಲುಪಬಹುದಾದ ಫೋರ್ಟಿನ ಬೋರಾ ಬಜಾರು ಕ್ಯಾಮೆರಾ ಅಂಗಡಿಗಳಿಗೆ ಹೆಸರಾದ ಜಾಗ. ಹೊಸದು, ಹಳೆಯದು, ದುರಸ್ತಿ, ಎಲ್ಲವೂ ಅಲ್ಲಿ ದೊರೆಯುತ್ತವೆ. ಆ ಭಾಗದ ಒಂದು ಅಂಗಡಿಯಿಂದ ದಿನಕ್ಕೆ 400 ರೂಪಾಯಿಯಂತೆ ಎರಡು ದಿನಕ್ಕೆ ಲೆನ್ಸನ್ನು ತಂದೆ. ಕಾಲೇಜಿನ ಗುರುತಿನ ಚೀಟಿಯ ಪ್ರತಿ ಮತ್ತು ಠೇವಣಿ ಇಟ್ಟುಕೊಂಡರು, ಮರಳಿಸಿದಾಗ ಠೇವಣಿಯನ್ನು ತಕ್ಷಣ ಹಿಂದಿರುಗಿಸಿದರು. ಅಷ್ಟರ ಮಟ್ಟಿಗೆ ವ್ಯವಹಾರ ಚೊಕ್ಕವಾಗಿತ್ತು. ಆದರೆ ಎರಡು ತೊಂದರೆಗಳಾದವು. ಲೆನ್ಸಿನ ಮುಂದೆ ಬಿಸಿಲು ತಡೆಯಲು ಹಾಕುವ ಹುಡ್ಡನ್ನು ಈ ಮಾದರಿಗೆ ಪ್ರತ್ಯೇಕವಾಗಿ ಕೊಳ್ಳಬೇಕು. ಅಂಗಡಿಯವರ ಬಳಿ ಅದಿರಲಿಲ್ಲ, ಇಲ್ಲವೆಂದು ಅವರು ಮೊದಲೇ ಹೇಳಲೂ ಇಲ್ಲ. ಎರಡನೆಯದಾಗಿ, ಗಾಜಿಗೆ ರಕ್ಷಣೆಯೆಂದು ಅವರು ಹಾಕಿಕೊಟ್ಟಿದ್ದ 58 ಎಂಎಂ ಫಿಲ್ಟರು ತೀರ ಕೆಳದರ್ಜೆಯದು. ವೇದಿಕೆಯ ಹ್ಯಾಲೊಜೆನ್ ದೀಪಗಳು ಅದರ ಚಪ್ಪಟೆ ಗಾಜಿನಲ್ಲಿ ಪ್ರತಿಫಲಿಸಿ, ಮೊದಲ ಅರ್ಧ ಗಂಟೆಯ ಚಿತ್ರಗಳಲ್ಲೆಲ್ಲ ಹಸಿರು ಚುಕ್ಕಿಗಳಾಗಿ ಬಂದು ಕುಳಿತಿವೆ. ಗೋಷ್ಠಿ ಆರಂಭಿಸುವಾಗ ಅಜ್ಜಿ ದಾಸರ ಪಟಕ್ಕೆ ಕೈಮುಗಿದ ಚಿತ್ರವೂ ಹಾಗೆಯೇ ಕೆಟ್ಟಿತು. ಅದರ ನೋವು ನನಗೆ ಇನ್ನೂ ಹೋಗಿಲ್ಲ. ಕಾರಣ ತಿಳಿದ ಮೇಲೆ ಫಿಲ್ಟರು ಬಿಚ್ಚಿ ಚೀಲಕ್ಕೆ ಹಾಕಿ, ರಂಗೋಲಿ ಸ್ಪರ್ಧೆಯ ಫಲಕಕ್ಕೆಂದು ತಂದು ಮಿಕ್ಕಿದ್ದ ಕಪ್ಪು ಚಾರ್ಟ್ ಕಾಗದವನ್ನು ಸುರುಳಿ ಮಾಡಿ, ರಬ್ಬರ್ ಬ್ಯಾಂಡಿನಿಂದ ಲೆನ್ಸಿನ ಮುಂದೆ ಬಿಗಿದೆ. ಉಳಿದ ಎರಡು ಗಂಟೆಯನ್ನು ಆ ಕಾಗದದ ಹುಡ್ಡೇ ಕಾಪಾಡಿತು.

ಆದ್ದರಿಂದ ಬಾಡಿಗೆಗೆ ತರುವವರು ಅಂಗಡಿಯಲ್ಲೇ ಲೆನ್ಸನ್ನು ತಮ್ಮ ಕ್ಯಾಮೆರಾಕ್ಕೆ ಹಾಕಿ, ಎದುರಿನ ದೀಪವೊಂದರ ಚಿತ್ರ ತೆಗೆದು, ದೊಡ್ಡದು ಮಾಡಿ ನೋಡಬೇಕು. ಮೊಬೈಲಿನ ಟಾರ್ಚನ್ನು ಹಿಂದಿನಿಂದ ಬಿಟ್ಟು ಗಾಜಿನೊಳಗೆ ಇಣುಕಿದರೆ, ಬೂಷ್ಟು ಹಿಡಿದಿದ್ದಲ್ಲಿ ಜೇಡರ ಬಲೆಯಂತಹ ಎಳೆಗಳು ಕಾಣುತ್ತವೆ. ಮುಂಬಯಿಯ ಮಳೆಗಾಲದ ತೇವಕ್ಕೆ ಕಪಾಟಿನಲ್ಲಿ ಮುಚ್ಚಿಟ್ಟ ಲೆನ್ಸುಗಳಿಗೆ ಇದು ಬೇಗ ತಗಲುತ್ತದೆ. ಹಳೆಯದನ್ನು ಕೊಳ್ಳುವವರಂತೂ ಈ ಪರೀಕ್ಷೆಯನ್ನು ಬಿಡಲೇಬಾರದು. ಕೊಂಡ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಬೇಕು, ಪೊಟ್ಟಣಗಳನ್ನು ಆಗಾಗ ಬದಲಿಸಬೇಕು. ಡೊಂಬಿವಲಿಯಂತಹ ಕಡೆಯಿಂದ ಹೋಗಿಬರುವವರು ಸಂಜೆಯ ಫಾಸ್ಟ್ ಲೋಕಲಿನ ನೂಕುನುಗ್ಗಲಲ್ಲಿ ಲೆನ್ಸು ಹೊತ್ತು ಬರುವ ಬದಲು ಮಧ್ಯಾಹ್ನ ಹನ್ನೆರಡರಿಂದ ಮೂರರ ನಡುವೆ ತಂದುಬಿಡುವುದು ಕ್ಷೇಮ.

ಲೆನ್ಸು ಕೂರಿಸಲು ಇಎಫ್ ಎಂಬ ಜೋಡಣೆಯಿರುವ ಕ್ಯಾನನ್ ಕ್ಯಾಮೆರಾದವರೆಲ್ಲರೂ ಈ ಲೆನ್ಸನ್ನು ನೇರವಾಗಿ ಬಳಸಬಹುದು. 1987ರಿಂದ ಬಂದ ಆ ಜೋಡಣೆ ಬದಲಾಗಿಲ್ಲ. 2018ರ ನಂತರದ, ಕನ್ನಡಿಯಿಲ್ಲದ ಆರ್ ಸರಣಿಯ ಕ್ಯಾಮೆರಾದವರಿಗೆ ನಡುವೆ ಅಡಾಪ್ಟರ್ ಬೇಕಾಗುತ್ತದೆ. ಹಗಲಿನ ಕಾರ್ಯಕ್ರಮಗಳಿಗೆ, ದೊಡ್ಡ ವೇದಿಕೆಯ ಮುಂದೆ ಬೇಲಿ ಕಟ್ಟಿ ಜನರನ್ನು ಇಪ್ಪತ್ತು ಮೀಟರ್ ಆಚೆ ನಿಲ್ಲಿಸುವ ಉತ್ಸವಗಳಿಗೆ ಇದನ್ನು ನಾನು ಹೇಳುವುದಿಲ್ಲ. ಅಲ್ಲಿ ಜೂಮು ಬೇಕೇ ಬೇಕು. ಜಮಖಾನದ ಅಂಚಿನಲ್ಲಿ ಜಾಗ ಸಿಗುವ ಬಡಾವಣೆಯ ಭಜನೆ, ಗೋಷ್ಠಿ, ಗಣೇಶೋತ್ಸವದ ಸಂಜೆಯ ಹಾಡುಗಳಿಗೆ ಇದು ಹೇಳಿ ಮಾಡಿಸಿದಂತಿದೆ.

ರಾತ್ರಿ ಹತ್ತರ ನಂತರ ಧ್ವನಿವರ್ಧಕ ಹಾಕುವಂತಿಲ್ಲವಾದ್ದರಿಂದ ಒಂಬತ್ತೂ ಮುಕ್ಕಾಲಿಗೆ ಮಂಗಳಾರತಿ ಆಯಿತು. ಆ ಕೊನೆಯ ಹೊತ್ತಿನಲ್ಲಿ ಶಾಮಿಯಾನದ ಟ್ಯೂಬುಗಳನ್ನು ಆರಿಸಿದ್ದರು, ಆರತಿಯ ಬೆಳಕೊಂದೇ ಉಳಿದಿತ್ತು. ಎಫ್/1.8, 1/100, ಐಎಸ್ಒ 6400. ಅಜ್ಜಿ ಆರತಿಯ ಮೇಲೆ ಕೈಚಾಚಿ ಕಣ್ಣಿಗೆ ಒತ್ತಿಕೊಂಡ ಆ ಚಿತ್ರದಲ್ಲಿ ಅವರ ಬೆರಳುಗಳ ನಡುವಿನ ಕೆಂಪು ಕೂಡ ಕಾಣುತ್ತದೆ. ಮರುದಿನ ಅವರಿಗೆ ಅದನ್ನು ತೋರಿಸಿದಾಗ, "ಇದ ನಾನೇ ಏನವಾ? ಯಾವಾಗ ತಗದಿ?" ಎಂದು ಕೇಳಿದರು. ಎಂಟು ಇಂಚು ಹನ್ನೆರಡು ಇಂಚಿನ ಪ್ರಿಂಟು ಹಾಕಿಸಿ ಕೊಟ್ಟಿದ್ದೇನೆ.